ವಿಜಯದಶಮಿಯ ದಿನ ಏಳದ ಕಂಪ್ಯೂಟರ್

2002ರ ದಸರಾ. ಆಗ ನಾವು ಮೈಸೂರಿನ ಯಾದವಗಿರಿಯಲ್ಲಿ ಒಂದು ಹಳೆಯ ಬಂಗಲೆಯ ಹಿಂಭಾಗದ ಮನೆಯಲ್ಲಿ ಬಾಡಿಗೆಗಿದ್ದೆವು. ಅಪ್ಪಾಜಿ, ಅಮ್ಮ, ನಾನು, ಮೂರೇ ಜನ. ಅಪ್ಪಾಜಿ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಆಯುಸ್ಸು ಸವೆಸಿ ನಿವೃತ್ತರಾದವರು. ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಆ ವಿಜಯದಶಮಿಯನ್ನು ನೆನೆದರೆ ಅದು ನಿಜವಾಗಿ ನಡೆದದ್ದೋ, ಮಧ್ಯಾಹ್ನದ ಜೊಂಪಿನಲ್ಲಿ ಕಂಡದ್ದೋ ಎಂದು ನನಗೆ ಈಗಲೂ ಅನುಮಾನವಾಗುತ್ತದೆ.

ಆ ಬೇಸಿಗೆಯಲ್ಲಿ ಅಪ್ಪಾಜಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ತೊಂದರೆಯಿಲ್ಲ, ಆದರೆ ಇನ್ನು ಮಾತು ಬರುವುದಿಲ್ಲ ಎಂದರು ಡಾಕ್ಟರು. ನಮ್ಮ ಅಪ್ಪಾಜಿ ಎಂಥ ಮಾತುಗಾರರೆಂದರೆ, ಸೊಪ್ಪು ತರಲು ಹೋದವರು ಸೊಪ್ಪಿನವಳ ಸಂಸಾರದ ಕಥೆಯನ್ನೆಲ್ಲ ಕೇಳಿಕೊಂಡು, ಸೊಪ್ಪು ಮರೆತು ಬರುತ್ತಿದ್ದರು. ಅಂಥವರಿಗೆ ಹೀಗಾಯಿತಲ್ಲ, ಆ ದನಿಯನ್ನಾದರೂ ಉಳಿಸಿಕೊಳ್ಳಬೇಕು ಅನ್ನಿಸಿತು ನನಗೆ. ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ ಸಂಜೆ ಹೊತ್ತು ಮನೆಯ ಕಂಪ್ಯೂಟರಿಗೆ ಒಂದು ಪುಟ್ಟ ಮೈಕ್ ಸಿಕ್ಕಿಸಿ, "ಏನಾದ್ರೂ ಮಾತಾಡಿ ಅಪ್ಪಾಜಿ" ಎಂದು ಅವರನ್ನು ಕೂರಿಸುತ್ತಿದ್ದೆ. "ಏನ್ ಮಾತಾಡ್ಲಿ ಕಣಮ್ಮ, ಈ ಡಬ್ಬದ ಮುಂದೆ?" ಎಂದು ಶುರುಮಾಡುತ್ತಿದ್ದರು. ಆಮೇಲೆ ನಿಲ್ಲಿಸುವುದೇ ಕಷ್ಟವಾಗುತ್ತಿತ್ತು. ಕಾರ್ಖಾನೆ, ಗೆಳೆಯರು, ಮದುವೆಯಾದ ಹೊಸತು, ಏನೆಲ್ಲ. ಹಾಗೆ ಅವರ ದನಿ ಆ ಕಂಪ್ಯೂಟರಿನೊಳಗೆ ಕೂತಿತು. ಬೇರೆಲ್ಲೂ ಇರಲಿಲ್ಲ. ಸೀಡಿಗೆ ಹಾಕಿಸಬೇಕು ಎಂದುಕೊಂಡೇ ದಿನಗಳು ಕಳೆದಿದ್ದವು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಪ್ಪಾಜಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ಏನಾದರೂ ಬೇಕಾದರೆ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು, ಅಮ್ಮ ಬಂದು ಮುಂದೆ ನಿಲ್ಲುತ್ತಿದ್ದಳು. ಹಳೆಯ ದನಿ ಕೇಳಿಸಲೇ ಎಂದು ನಾನು ಅಮ್ಮನನ್ನು ಕೇಳಿದರೆ, "ಎದುರಿಗೇ ಕೂತವ್ರೆ. ಅವರ ದನೀನ ಪೆಟ್ಟಿಗೇಲಿ ಕೇಳ್ಬೇಕೇನೇ? ನನ್ ಕೈಲಾಗಲ್ಲ, ಬುಡು" ಎಂದು ಒಳಗೆ ಹೋಗಿಬಿಡುತ್ತಿದ್ದಳು. ನವರಾತ್ರಿ ಶುರುವಾದ ಮೇಲೆ ಒಂದು ದಿನ ಹೂ ಕಟ್ಟುತ್ತಾ ತಾನಾಗಿಯೇ, "ವಿಜಯದಶಮಿ ದಿನ ಕೇಳಿಸ್ಬುಡು ಕಣೇ ಸುಮಾ. ಒಳ್ಳೇ ದಿನ" ಎಂದಳು. ಅಪ್ಪಾಜಿ ಅವಳ ಮುಖವನ್ನೇ ನೋಡುತ್ತಾ ಕೂತಿದ್ದರು.

ನಮ್ಮ ಮನೆಯ ಆಯುಧಪೂಜೆಗೆ ಒಂದು ಕಟ್ಟುನಿಟ್ಟಿತ್ತು. ಪೂಜೆಗೆ ಕೂರುವ ಯಾವ ಯಂತ್ರದಲ್ಲೂ ಹಳೆಯ ಕೊಳೆ ಉಳಿದಿರಬಾರದು. ಕಾರ್ಖಾನೆಯಲ್ಲಿ ಅಪ್ಪಾಜಿ ಮತ್ತು ಜೊತೆಯವರು ಲೇತನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಎಣ್ಣೆ ಚೆಲ್ಲಿ ಹೊಸದು ಹಾಕುತ್ತಿದ್ದರಂತೆ. ನಿವೃತ್ತರಾದ ಮೇಲೆ ಆ ಶಾಸ್ತ್ರ ಸೈಕಲ್ಲು, ಹೊಲಿಗೆ ಯಂತ್ರ, ಮಿಕ್ಸಿಗಳ ಪಾಲಿಗೆ ಬಂದಿತ್ತು. ಆ ವರ್ಷವೂ ಅಪ್ಪಾಜಿ ಎಲ್ಲವನ್ನೂ ಒರೆಸಿ, ಎಣ್ಣೆ ಬಿಟ್ಟು, ಕೊನೆಗೆ ಕಂಪ್ಯೂಟರಿನತ್ತ ಬೆರಳು ತೋರಿಸಿ ನನ್ನ ಮುಖ ನೋಡಿದರು. ನಾನು ಕ್ಯಾಬಿನೆಟ್ ಬಿಚ್ಚಿ ದೂಳು ಹೊಡೆದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾನು ಅವರ ಮಗಳು. ಒಳಗಿನ ಹಳೆಯದನ್ನೂ ತೆಗೆಯಬೇಕು ಅನ್ನಿಸಿತು.

ನಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ಅದರ ಕರ್ನಲ್ ಎಂದರೆ ಕಂಪ್ಯೂಟರ್ ಏಳುವಾಗ ಮೊದಲು ಎದ್ದು, ಪರದೆ, ಕೀಲಿಮಣೆ, ಸ್ಪೀಕರು ಎಲ್ಲವನ್ನೂ ನಡೆಸುವ ಯಜಮಾನ. ಒಂದು ಪತ್ರಿಕೆಯ ಜೊತೆ ಬಂದ ಸೀಡಿಯಲ್ಲಿ ಹೊಸ ಕರ್ನಲ್ ಇತ್ತು. ಅದನ್ನು ಹಾಕಿದೆ. ಹಳೆಯದನ್ನು ಅಳಿಸಿದೆ. ಅದು ಇದ್ದ ಜಾಗದ ಫೈಲುಗಳನ್ನೆಲ್ಲ, ಅಡುಗೆಮನೆಯ ಡಬ್ಬಗಳನ್ನು ಜೋಡಿಸಿದ ಹಾಗೆ, ಅತ್ತಿಂದಿತ್ತ ಇಟ್ಟು ಓರಣ ಮಾಡಿದೆ. ಹಬ್ಬದ ಹುಮ್ಮಸ್ಸಿನಲ್ಲಿ ಒಮ್ಮೆ ಆರಿಸಿ ಹಾಕಿ ನೋಡಲೂ ಇಲ್ಲ. ಅಪ್ಪಾಜಿ ಸ್ನಾನ ಮಾಡಿ ಕಾಯುತ್ತಿದ್ದರು, ಹಾಗೇ ಆಫ್ ಮಾಡಿದೆ.

ಅವರು ಮಾನಿಟರಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದರು. ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದರು. ಪ್ರತಿವರ್ಷ ದೊಡ್ಡ ದನಿಯಲ್ಲಿ ಹೇಳುತ್ತಿದ್ದ ಮಂತ್ರವನ್ನು ಈ ಸಲ ತುಟಿಯಲ್ಲೇ ಆಡಿದರು. ಪೂಜೆಯಾದ ಮೇಲೆ ಮರುದಿನದವರೆಗೆ ಯಾವ ಯಂತ್ರವನ್ನೂ ಮುಟ್ಟುವ ಹಾಗಿಲ್ಲ. ಕಡ್ಲೆಪುರಿ ತಿನ್ನುತ್ತಾ, ಸಾಂಬ್ರಾಣಿ ಹೊಗೆಯಲ್ಲಿ ಮಸುಕಾದ ಆ ಕಂಪ್ಯೂಟರನ್ನು ನೋಡುತ್ತಾ ಆ ದಿನ ಕಳೆಯಿತು. ಅದು ಹೂ ಮುಡಿದು ನಿದ್ದೆಹೋದ ಹಾಗಿತ್ತು.

ವಿಜಯದಶಮಿಯ ಬೆಳಗ್ಗೆ ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಪಕ್ಕದಲ್ಲಿ ಅಪ್ಪಾಜಿ. ನಾನು ಸ್ವಿಚ್ ಒತ್ತಿದೆ. ಕಪ್ಪು ಪರದೆಯ ಮೂಲೆಯಲ್ಲಿ ಎಲ್ ಎಂಬ ಅಕ್ಷರ ಬಂತು, ಅದರ ಪಕ್ಕ ಐ ಬಂತು, ಅಷ್ಟೇ. ಮುಂದಕ್ಕೆ ಹೋಗಲಿಲ್ಲ. ಆರಿಸಿ ಹಾಕಿದೆ. ಮತ್ತೆ ಅದೇ ಎರಡು ಅಕ್ಷರ.

"ಏನಾಯ್ತೇ?" ಅಂದಳು ಅಮ್ಮ.

"ಏಳ್ತಿಲ್ಲಮ್ಮ."

"ನಿಮ್ಮಪ್ಪನ ಮಾತು?"

ಕಂಪ್ಯೂಟರ್ ಮಾರಿದ ಅಂಗಡಿಯವನ ಮನೆಗೆ ಫೋನ್ ಮಾಡಿದೆ. "ಹಬ್ಬ ಕಳೀಲಿ ಮೇಡಂ, ಹುಡುಗನ್ನ ಕಳಿಸ್ತೀನಿ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬುಡೋಣ" ಎಂದ. ಎಲ್ಲಾ ಅಳಿಸಿ ಎಂಬ ಮಾತು ಕೇಳಿ ಥಟ್ಟನೆ ಫೋನ್ ಇಟ್ಟುಬಿಟ್ಟೆ. ಅಮ್ಮ ಎದ್ದು ಒಬ್ಬಟ್ಟಿಗೆ ಬೇಳೆ ರುಬ್ಬಲು ಹೋದಳು. ಅಪ್ಪಾಜಿ ನನ್ನ ಬೆನ್ನು ಸವರಿದರು. ಅದಕ್ಕೇ ನನಗೆ ಇನ್ನಷ್ಟು ಅಳು ಬಂತು.

ಆಗ ನೆನಪಾದವರು ನಸ್ರೀನ್. ಲಿನಕ್ಸ್ ಬಳಸುವ ಊರಿನ ಕೆಲವರು ಇಮೇಲ್‌ನಲ್ಲಿ ಒಬ್ಬರಿಗೊಬ್ಬರು ಸಂಶಯ ಕೇಳಿಕೊಳ್ಳುವ ಗುಂಪೊಂದಿತ್ತು. ಅಲ್ಲಿ ನಾನು ಹಿಂದೊಮ್ಮೆ ಕನ್ನಡ ಅಕ್ಷರ ಮೂಡುತ್ತಿಲ್ಲ ಎಂದು ಕೇಳಿದಾಗ ಅವರೇ ಬಗೆಹರಿಸಿ, ಕೆಳಗೆ ತಮ್ಮ ಮನೆಯ ನಂಬರ್ ಬರೆದಿದ್ದರು, ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕಂಪ್ಯೂಟರ್ ಹೇಳಿಕೊಡುವವರು, ಬನ್ನಿಮಂಟಪದವರು ಎಂಬುದಷ್ಟೇ ಗೊತ್ತಿತ್ತು. ಮುಖ ನೋಡಿರಲಿಲ್ಲ. ಬೆಳಗ್ಗೆಯಿಂದ ಮಾಡಿದರೂ ಯಾರೂ ಫೋನ್ ಎತ್ತಲಿಲ್ಲ. ಊಟವಾದ ಮೇಲೆ ಎತ್ತಿದರು. ನಾನು ಯಾರೆಂದು ಹೇಳಿದೆ. ಹಿಂದೆ ಮಕ್ಕಳ ಗಲಾಟೆ, ಕುದುರೆಗಳ ಗೊರಸಿನ ಸದ್ದು.

"ಕೇಳುಸ್ತಾ? ಪಂಜಿನ ಕವಾಯತಿಗೆ ಕುದುರೆ ಹೋಗ್ತಿವೆ, ನಮ್ಮನೆ ಮುಂದೇನೇ" ಎಂದರು, ಎಷ್ಟೋ ವರ್ಷದ ಪರಿಚಯದವರ ಹಾಗೆ. "ಊರಿಂದ ನೆಂಟರೆಲ್ಲಾ ಬಂದವ್ರೆ. ಹೇಳಿ ಸುಮಾ ಅವ್ರೇ, ಏನಾಯ್ತು?"

ನಾನು ಅಳುತ್ತಲೇ ಎಲ್ಲ ಹೇಳಿದೆ. ಪೂಜೆಗೆಂದು ಹಳೆಯ ಕರ್ನಲ್ ಅಳಿಸಿದೆ ಎಂದಾಗ ಆ ಕಡೆ ಒಂದು ಸಣ್ಣ ನಗು ಕೇಳಿಸಿತು. ಆಮೇಲೆ ಅಪ್ಪಾಜಿಯ ದನಿಯ ವಿಷಯ ಹೇಳಿದೆ. ನಗು ನಿಂತಿತು.

"ಅಯ್ಯೋ, ಅಳ್ಬೇಡಿ. ಕರ್ನಲ್ ಎಲ್ಲಿದೆ ಅಂತ ನೆನಪಿಟ್ಕೊಳ್ಳೋಕೆ ಒಂದು ಪುಟ್ಟ ಪ್ರೋಗ್ರಾಂ ಇರುತ್ತೆ, ಲೈಲೋ ಅಂತ. ನೀವು ಸಾಮಾನೆಲ್ಲಾ ಎತ್ತಿಟ್ರಿ, ಅದಕ್ಕೆ ಹೇಳಲಿಲ್ಲ. ಪೋಸ್ಟ್‌ಮ್ಯಾನು ಹಳೇ ವಿಳಾಸದಲ್ಲೇ ನಿಂತವ್ನೆ, ಅಷ್ಟೇ. ಮನೆ ಏನೂ ಬಿದ್ದಿಲ್ಲ. ಲಿನಕ್ಸ್ ಹಾಕಿದ ಮೊದಲನೇ ಸೀಡಿ ಇದ್ಯಾ?"

ಸೀಡಿ ಇತ್ತು. ಅದರಿಂದ ಕಂಪ್ಯೂಟರನ್ನು ಎಬ್ಬಿಸುವುದು ಹೇಗೆಂದು ಹೇಳಿದರು. ಅವರು ಒಂದೊಂದೇ ಅಕ್ಷರ ಹೇಳುವುದು, ನಾನು ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಒತ್ತಿಕೊಂಡು ಟೈಪ್ ಮಾಡುವುದು. ಬೀದಿ ಖಾಲಿಯಾಗಿತ್ತು. ಊರೆಲ್ಲ ಜಂಬೂಸವಾರಿಗೆ ಹೋಗಿತ್ತು. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು, ಮಾನಿಟರಿನ ಚೆಂಡುಹೂ ಬಿಸಿಗೆ ಬಾಡಿ ವಾಸನೆ ಬಿಡುತ್ತಿತ್ತು. ಕಾಣದ ಆ ಹೆಂಗಸಿನ ನಿಧಾನವಾದ ದನಿ ನನ್ನ ಕೈ ಹಿಡಿದು ಯಾವುದೋ ಕತ್ತಲ ಓಣಿಯಲ್ಲಿ ನಡೆಸಿಕೊಂಡು ಹೋಗುತ್ತಿತ್ತು. ನಾನು ಹೆದರಿಕೆ ಮರೆತು ಹಿಂದೆ ಹಿಂದೆ ಹೋದೆ.

"ಈಗ ಬೇರೆ ಏನೂ ಮಾಡ್ಬೇಡಿ" ಎಂದರು. "ಮೊದಲು ನಿಮ್ಮ ಅಪ್ಪಾಜಿ ಇದ್ದಾರಾ ನೋಡಿ."

ನನ್ನ ಫೈಲುಗಳ ಜಾಗ ತೆಗೆದೆ. ಕಪ್ಪು ಪರದೆಯ ಮೇಲೆ ಅಪ್ಪಾಜಿ, ಅಪ್ಪಾಜಿ, ಅಪ್ಪಾಜಿ ಎಂದು ನಾನೇ ಇಟ್ಟ ಹೆಸರುಗಳು ಒಂದರ ಕೆಳಗೊಂದು ಇಳಿದವು.

"ಇದ್ದಾರೆ" ಎಂದೆ.

"ಅಲ್ವಾ ಮತ್ತೆ? ಎಲ್ಲಿಗ್ ಹೋಗ್ತಾರೆ ಬುಡಿ" ಎಂದರು ನಸ್ರೀನ್.

ಅರಮನೆಯ ಕಡೆಯಿಂದ ಕುಶಾಲತೋಪು ಹಾರಿಸುವ ಸದ್ದು ತೇಲಿ ಬಂತು. ಅಂಬಾರಿಯಲ್ಲಿ ಹೊರಟ ದೇವಿಗೆ ಅಪ್ಪಾಜಿ ಕೂತಲ್ಲೇ ಕೈ ಮುಗಿದರು. ನಾನು ಎತ್ತಿಟ್ಟಿದ್ದ ಫೈಲುಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಲೈಲೋಗೆ ಹೊಸ ವಿಳಾಸ ಕೊಟ್ಟು, ಸೀಡಿ ತೆಗೆದು ಮತ್ತೆ ಹಾಕಿದೆ. ಈ ಸಲ ಎರಡು ಅಕ್ಷರಕ್ಕೆ ನಿಲ್ಲಲಿಲ್ಲ. ಸಾಲು ಸಾಲು ಓಡಿತು. ಕಂಪ್ಯೂಟರ್ ಎದ್ದಿತು. "ಅಮ್ಮಾ, ಬಾ" ಎಂದು ಕೂಗಿದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಅದೇ ಕುರ್ಚಿಯಲ್ಲಿ ಕೂತಳು. ಫೈಲ್ ಹಾಕಿದೆ. ಸಮಯದ ಅಂಕಿ ಓಡುತ್ತಿದೆ, ಸ್ಪೀಕರಿನಿಂದ ಒಂದು ಸದ್ದಿಲ್ಲ.

ಅಪ್ಪಾಜಿ ಮೊದಲು ಸ್ಪೀಕರನ್ನು ತೋರಿಸಿದರು, ಆಮೇಲೆ ತಮ್ಮ ಕೊರಳಿನ ಬಟ್ಟೆಯನ್ನು. ಇಬ್ಬರದೂ ಒಂದೇ ಕಥೆ ಅನ್ನುವ ಹಾಗೆ ಕೈ ತಿರುಗಿಸಿ, ಹೆಗಲು ಕುಣಿಸಿ ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಅಮ್ಮ ಮಾತ್ರ ನಗಲಿಲ್ಲ. "ಅದೃಷ್ಟದಲ್ಲಿ ಇಲ್ಲ, ಬುಡು" ಎಂದು ಏಳಲು ಹೋದಳು. ನಾನು ಅವಳ ಸೀರೆ ಹಿಡಿದು ಕೂರಿಸಿದೆ.

"ಹೊಸ ಕರ್ನಲ್‌ಗೆ ನಿಮ್ ಸೌಂಡ್ ಕಾರ್ಡ್ ಗುರುತು ಸಿಕ್ಕಿಲ್ಲ ಕಣ್ರೀ" ಎಂದರು ನಸ್ರೀನ್. "ಹಳೇದಕ್ಕೆ ಗೊತ್ತಿತ್ತು. ಹಳೇದು ಆ ಮೊದಲನೇ ಸೀಡೀಲೇ ಇರುತ್ತೆ, ತಂದು ಕೂರಿಸೋಣ. ಹೊಸದನ್ನ ಕಳಿಸೋದು ಬೇಡ, ಎರಡೂ ಇರ್ಲಿ."

ಅಷ್ಟರಲ್ಲಿ ಅವರ ಮನೆಯಲ್ಲಿ ಯಾರೋ ಕರೆಯುತ್ತಿದ್ದರು. ಮೈದಾನದಲ್ಲಿ ಜಾಗ ಸಿಗುವುದಿಲ್ಲ, ಬೇಗ ಹೊರಡು ಎಂದು. "ನೀವು ಹೋಗಿರಿ, ನಾನು ಬರ್ತೀನಿ" ಎಂದು ಅವರು ಆ ಕಡೆ ತಿರುಗಿ ಹೇಳಿದ್ದು ನನಗೆ ಕೇಳಿಸಿತು. ನಾನು ಸಂಕೋಚಪಟ್ಟೆ. "ಪಂಜಿನ ಕವಾಯತು ಮುಂದಿನ ವರ್ಷಾನೂ ಇರುತ್ತೆ, ಟೈಪ್ ಮಾಡಿ" ಎಂದರು.

ಮಾಡಿದೆ. ಸಂಜೆ ಬಿಸಿಲು ಮೇಜಿನ ಮೇಲೆ ಹಳದಿಯಾಗಿ ಹರಡಿತ್ತು. ಈಗ ಕಂಪ್ಯೂಟರ್ ಏಳುವಾಗ ಹೊಸದೋ ಹಳೆಯದೋ ಎಂದು ಕೇಳಿತು. ಹಳೆಯದನ್ನು ಆಯ್ದುಕೊಂಡೆ. ಮತ್ತೆ ಫೈಲ್ ಹಾಕಿದೆ. ಮೊದಲು ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು. ಆಮೇಲೆ ಮನೆಯ ತುಂಬ ಅಪ್ಪಾಜಿ.

"ಹೂಂ, ಎಲ್ಲಿಗೆ ನಿಲ್ಸಿದ್ದೆ ನೆನ್ನೆ? ಆ, ಕಾರ್ಖಾನೆಗೆ ಸೇರಿದ ಹೊಸತು. ಆಗ ನಿಮ್ಮವ್ವನ ಕಂಡ್ರೆ ನಂಗೆ ಭಯ ಕಣಮ್ಮ..."

ಅಮ್ಮ ಅಲುಗಾಡದೆ ಕೂತಿದ್ದಳು. ಅಪ್ಪಾಜಿ ಪರದೆಯನ್ನು ನೋಡುತ್ತಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದರು. ದನಿ ತನ್ನ ಪಾಡಿಗೆ ತಾನು ಯಾವುದೋ ಹಳೆಯ ಮಧ್ಯಾಹ್ನದೊಳಗೆ ಅಲೆಯುತ್ತಿತ್ತು. ಮಧ್ಯೆ ಮಾತು ನಿಲ್ಲಿಸಿ, ಒಳಮನೆಯತ್ತ ತಿರುಗಿದ ಹಾಗೆ ಅದು ಜೋರಾಗಿ ಕರೆಯಿತು.

"ಏ ಗಿರಿಜಾ! ಎಲ್ಲಿದ್ದೀಯೆ? ಒಂದ್ ಲೋಟ ನೀರ್ ತಗಂಬಾ, ಗಂಟ್ಲು ಒಣಗ್ತು."

"ಬಂದೇ ಕಣ್ರೀ!" ಎಂದಳು ಅಮ್ಮ. ಎಂದವಳೇ ಎದ್ದು ಅಡುಗೆಮನೆಯ ಕಡೆ ನಡೆದೇಬಿಟ್ಟಳು.

ಹೊಸಿಲ ಹತ್ತಿರ ಹೋಗಿ ನಿಂತಳು. ಏನು ಮಾಡಿದೆ ಎಂದು ಆಗ ಅವಳಿಗೆ ತಿಳಿಯಿತು. ತಿರುಗಿ ನೋಡಿದಳು. ಅಪ್ಪಾಜಿಯ ಕಣ್ಣಲ್ಲಿ ನೀರಿತ್ತು. ಅಮ್ಮ ಹಾಗೇ ಬರಿಗೈಯಲ್ಲಿ ವಾಪಸು ಬರಲಿಲ್ಲ. ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಅಪ್ಪಾಜಿಯ ಕೈಗೆ ಕೊಟ್ಟಳು. ಅವರು ಅದನ್ನು ನಿಧಾನವಾಗಿ ಪೂರ್ತಿ ಕುಡಿದರು. ನನಗೆ ಫೋನಿನ ನೆನಪಾಗಿ ಕಿವಿಗಿಟ್ಟಾಗ ಗೊಯ್ಯೆನ್ನುವ ಸದ್ದು ಬರುತ್ತಿತ್ತು. ನಸ್ರೀನ್ ಯಾವಾಗಲೋ ಮೆಲ್ಲಗೆ ಇಟ್ಟುಬಿಟ್ಟಿದ್ದರು. ಮರುದಿನ ಫೋನ್ ಮಾಡಿ ನಡೆದದ್ದು ಹೇಳಿದೆ. "ಕರೆದಿದ್ದು ಕೇಳುಸ್ತು. ಅದು ಅವರಿಬ್ಬರ ಮಾತು, ನಾನ್ಯಾಕೆ ಅಂತ ಇಟ್ಟೆ" ಎಂದರು. ಆಮೇಲೆಯೂ ಎಷ್ಟೋ ಸಲ ಮಾತಾಡಿದೆವು. ಮುಖಾಮುಖಿ ಭೇಟಿಯಾಗಲೇ ಇಲ್ಲ. ಅವರು ಹೇಗಿದ್ದಾರೋ, ಇವತ್ತಿಗೂ ನನಗೆ ಅವರು ಒಂದು ದನಿಯೇ.

ಆ ಮಾತುಗಳನ್ನೆಲ್ಲ ಸೀಡಿಗೆ ಹಾಕಿಸಿದೆ. ಅಪ್ಪಾಜಿ ಆಮೇಲೆ ಬಹಳ ವರ್ಷ ಬದುಕಿದರು. ಅಮ್ಮ ಆ ಸೀಡಿಯನ್ನು ಮತ್ತೆ ಕೇಳಿಸು ಎನ್ನಲಿಲ್ಲ. ನನಗೆ ಅದು ವಿಚಿತ್ರವೆನಿಸುತ್ತಿತ್ತು. ಒಂದು ದಿನ ಅಪ್ಪಾಜಿ ಹೊರಗೆ ಚಪ್ಪಾಳೆ ತಟ್ಟಿದರು, ಅಮ್ಮ ಒಳಗಿಂದ "ಬಂದೇ ಕಣ್ರೀ!" ಎಂದು ಕೂಗಿದಳು. ಆಗ ಹೊಳೆಯಿತು. ಆಪರೇಷನ್ ಆದಂದಿನಿಂದ ಆ ದಸರಾವರೆಗೆ, ಅಪ್ಪಾಜಿ ಚಪ್ಪಾಳೆ ತಟ್ಟಿದಾಗಲೆಲ್ಲ ಅಮ್ಮ ಸದ್ದಿಲ್ಲದೆ ಬಂದು ಮುಂದೆ ನಿಲ್ಲುತ್ತಿದ್ದಳು. ನನ್ನೊಡನೆ ಆಡುತ್ತಿದ್ದ ಮಾತು ಅವರೊಡನೆ ಇರಲಿಲ್ಲ. ಅವರಿಗಿಲ್ಲದ ಮಾತು ತನಗೇಕೆ ಎಂದುಕೊಂಡಿದ್ದಳೋ ಏನೋ. ನಮ್ಮ ಮನೆಯಲ್ಲಿ ಅಷ್ಟು ದಿನ ಇಬ್ಬರ ದನಿ ನಿಂತುಹೋಗಿತ್ತು. ನಾನು ಒಂದನ್ನು ಮಾತ್ರ ಹುಡುಕುತ್ತಿದ್ದೆ.