ಸೀಸದ ದೋಣಿಗಳ ಹಿಂದೆ ನಾವುಂದದವರೆಗೆ

ಮಸ್ಕತ್ತಿನ ವಿಮಾನ ಮಂಗಳೂರಿನಲ್ಲಿ ಇಳಿದಾಗ ಗುಡ್ಡದ ಮೇಲೆ ಡಿಸೆಂಬರಿನ ಮಂಜು ಇನ್ನೂ ಕರಗಿರಲಿಲ್ಲ. ಊರಿಗೆ ಬರುವವರೆಲ್ಲ ಖರ್ಜೂರ, ಚಾಕಲೇಟು, ದಪ್ಪ ಹೊದಿಕೆ ತರುತ್ತಾರೆ. ನನ್ನ ಚೀಲದಲ್ಲಿದ್ದದ್ದು ಒಂದು ಆಟದ ದೋಣಿ, ಮತ್ತು ಅದನ್ನು ಮಕ್ಕಳ ಕೈಗೆ ಕೊಡಬಾರದು ಎಂದು ಪ್ರಯೋಗಾಲಯ ಬರೆದುಕೊಟ್ಟ ವರದಿ. ಚೀಲ ತಪಾಸಣೆಯವನು ದೋಣಿಯನ್ನು ಎತ್ತಿ ನೋಡಿ, "ಇದು ಇಲ್ಲಿಯ ಮಾಲೇ ಅಲ್ವಾ ಮೇಡಂ, ಅಲ್ಲಿಂದ ಯಾಕೆ ಹೊತ್ತು ತಂದ್ರಿ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮಸ್ಕತ್ತಿನಲ್ಲಿ ನಾನೂ ನನ್ನ ಗಂಡನೂ ಆಟಿಕೆಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇವೆ. ಹಿಂದಿನ ರಜೆಯಲ್ಲಿ ಬಂದಾಗ ನಾವುಂದದ ಶೀನ ಮರಕಾಲರು ಮಾಡಿದ ಮರದ ದೋಣಿ ಕಂಡು ಮನಸೋತಿದ್ದೆ. ಅಂಗೈಯುದ್ದದ ದೋಣಿ, ಅದಕ್ಕೊಂದು ಬಟ್ಟೆಯ ಹಾಯಿ. ಬಕೆಟ್ಟಿನ ನೀರಿನಲ್ಲಿ ಬಿಟ್ಟು ಎಷ್ಟು ತಳ್ಳಿದರೂ ಮಗುಚದೆ ಎದ್ದು ನಿಲ್ಲುತ್ತಿತ್ತು. ಒಂದು ಪೆಟ್ಟಿಗೆ ಒಯ್ದೆ. ಕಪಾಟಿನಲ್ಲಿಟ್ಟ ವಾರದೊಳಗೆ ಖಾಲಿ. ಇನ್ನೂ ಬೇಕು ಎಂದು ಫೋನು ಮಾಡಿದ್ದೇ ತಡ, ಶೀನರೂ ಅವರ ಹೆಂಡತಿ ಗುಲಾಬಿಯೂ ಮನೆಯ ಹಿಂದೆ ಒಂದು ಕೋಣೆ ಎಬ್ಬಿಸಿದರು. ಹಾಯಿ ಹೊಲಿಯಲು ಕೇರಿಯ ನಾಲ್ಕು ಹೆಂಗಸರು ಬಂದರು. ಮಣಿಕಟ್ಟಿನ ಬಲ ಹೋಗಿ ಕಡಲಿಗೆ ಇಳಿಯುವುದನ್ನೇ ಬಿಟ್ಟಿದ್ದ ಶೀನರಿಗೆ ಅದು ಎರಡನೆಯ ಬದುಕು.

ಅಷ್ಟರಲ್ಲಿ ಗುರುತಿನ ಕಾನೂನು ಬಂತು. ಕೊಲ್ಲಿಯ ಆರು ದೇಶಗಳು ಸೇರಿ ಒಂದೇ ಸುಂಕದ ಕಟ್ಟೆ ಮಾಡಿಕೊಂಡಿವೆ. ಒಂದು ದೇಶದಲ್ಲಿ ಇಳಿದ ಮಾಲು ಉಳಿದ ಐದಕ್ಕೂ ನಡೆಯುತ್ತದೆ. ಆದ್ದರಿಂದ ಆಟಿಕೆಗಳಿಗೆಲ್ಲ ಒಂದೇ ಸುರಕ್ಷತೆಯ ಗುರುತು, ಜಿ ಅಕ್ಷರದ್ದು. ಪರೀಕ್ಷೆಯಲ್ಲಿ ಪಾಸಾಗಿ ಆ ಗುರುತು ಸಿಕ್ಕರೆ ಮಾತ್ರ ಅಂಗಡಿಗೆ ಪ್ರವೇಶ. ಗುರುತಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಅದರ ಪಟವನ್ನು ಶೀನರ ಫೋನಿಗೆ ಕಳಿಸಿದೆ, ಒಂದು ದೋಣಿಯನ್ನು ಪರೀಕ್ಷೆಗೆ ಕೊಟ್ಟೆ. ಮರ ಪಾಸು, ಬಣ್ಣ ಪಾಸು, ಹಾಯಿ ಪಾಸು. ದೋಣಿ ಮಗುಚದಂತೆ ಅಡಿಗೆ ಹೊಡೆದಿದ್ದ ಪಟ್ಟಿ ಮಾತ್ರ ನಪಾಸು. ಅದು ಸೀಸ, ಮಗು ಬಾಯಿಗೆ ಹಾಕಿದರೆ ವಿಷ. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಕರಗಿಸಿ ಹೊಯ್ದ ಪಟ್ಟಿ ಅದು. ಬಲೆಯಲ್ಲೇ ಬೆಳೆದ ಮನುಷ್ಯನಿಗೆ ಭಾರ ಎಂದಾಗ ಮತ್ತೇನು ನೆನಪಾದೀತು? ಸೀಸದ ಬದಲು ಬೇರೆ ಏನನ್ನಾದರೂ ಹಾಕಿಸಿ ಮರುಪರೀಕ್ಷೆಗೆ ಕಳಿಸಿದರೆ ಆ ಕೋಣೆ ಉಳಿದೀತು ಎಂಬ ಆಸೆಯಿಂದ ನಾನು ಹೊರಟು ಬಂದಿದ್ದೆ.

ಮೊದಲ ದಿನ ಬ್ರಹ್ಮಾವರದಲ್ಲಿ ಇಳಿದು ಬನ್ಸ್ ತಿಂದು ಕೊಕ್ಕರ್ಣೆಯ ಬಸ್ಸು ಹತ್ತಿದೆ. ಹದಿನೈದು ರೂಪಾಯಿ ಟಿಕೇಟು. ಕೊಯ್ಲು ಮುಗಿದ ಗದ್ದೆಗಳಲ್ಲಿ ಉದ್ದು ಮೊಳೆತು ಹಸಿರಾಗಿತ್ತು. ದೋಣಿಯ ಮರವನ್ನು ಕೆತ್ತಿ ಕಳಿಸುವ ಸುಬ್ರಾಯ ಆಚಾರಿ ಇರುವುದು ಕೊಕ್ಕರ್ಣೆಯಲ್ಲಿ. ಭಾರವೇ ಇಲ್ಲದೆ ನಿಲ್ಲುವ ದೋಣಿ ಆದೀತೇ ಎಂದು ಕೇಳಿದೆ. ಅವರು ನನ್ನ ದೋಣಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಆತ್ತ್ ಮರಾಯ್ರೆ, ಅಡಿ ಅಗಲ ಮಾಡಿರೆ ಮಗುಚುದಿಲ್ಲ. ಆರೆ ಅದ್ ದೋಣಿ ಅಲ್ಲ, ದನಿಗ್ ಅಕ್ಕಚ್ಚ್ ಇಡು ಮರ್ಗಿ ಆತ್ತ್!"

ದನಕ್ಕೆ ಅಕ್ಕಿ ತೊಳೆದ ನೀರು ಹಾಕುವ ಮರದ ತೊಟ್ಟಿಯನ್ನು ಯಾವ ಮಗು ಕೊಂಡೀತು! ಆದರೂ ಒಂದು ಮಾಡಿಕೊಡಿ ಎಂದೆ. ಅರ್ಧ ಗಂಟೆಯಲ್ಲಿ ಕೆತ್ತಿ ಕೊಟ್ಟರು. ಬಾವಿಕಟ್ಟೆಯ ಬಕೆಟ್ಟಿನಲ್ಲಿ ಬಿಟ್ಟೆವು. ಮಗುಚಲಿಲ್ಲ, ನಿಜ. ಹಾಯಿ ಸಿಕ್ಕಿಸಿದ ಕೂಡಲೇ ಒಂದು ಕಡೆಗೆ ವಾಲಿ ನೀರು ಕುಡಿಯಿತು. ಆಚಾರಿ ಉಳಿ ಒರೆಸಿ ಒಳಗಿಟ್ಟರು. ಆ ರಾತ್ರಿ ಬಾರ್ಕೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಊಟಕ್ಕೆ ಕುಚ್ಚಿಗೆ ಅನ್ನ, ಬಂಗುಡೆ ಸಾರು.

ಮರುದಿನ ಕುಂದಾಪುರ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಶಾಸ್ತ್ರಿ ಸರ್ಕಲ್ಲಿನಲ್ಲಿ ಕೆಂಪು ಧೂಳು ಕುಡಿಯುತ್ತ ಮುಕ್ಕಾಲು ಗಂಟೆ ನಿಂತೆ. ಕೊನೆಗೆ ಬಂದ ಬಸ್ಸಿನಲ್ಲಿ ಬಾಗಿಲ ಪಕ್ಕ ಅರ್ಧ ಸೀಟು ಸಿಕ್ಕಿತು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಬಂದಾಗ ಪ್ರವಾಸಿಗರೆಲ್ಲ ಎದ್ದು ಫೋಟೋ ತೆಗೆದರು. ಪಕ್ಕದಲ್ಲಿದ್ದ ಮೀನಿನ ಹೆಂಗಸು ಮಾತ್ರ ಬುಟ್ಟಿಯ ಮೇಲೆ ಕೈಯಿಟ್ಟು ನಿದ್ದೆ ಹೊಡೆಯುತ್ತಿದ್ದಳು. ನಾನು ಚೀಲ ತಬ್ಬಿಕೊಂಡು, ಶೀನರಿಗೆ ಮೊದಲ ಮಾತು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಯೋಚಿಸಿದ್ದು ದಂಡವಾಯಿತು. ನಾವುಂದದಲ್ಲಿ ಇಳಿದು ಕಡಲ ಕಡೆಯ ದಾರಿ ಹಿಡಿದು ಅವರ ಅಂಗಳ ಮುಟ್ಟುವ ಮೊದಲೇ ಗುಲಾಬಿ ಓಡಿ ಬಂದು ಕೈಹಿಡಿದಳು.

"ಹ್ವಾಯ್, ಬಂದ್ರ್ಯಾ? ಬನ್ನಿ ಬನ್ನಿ. ನೀವ್ ಹೇಳದ್ದೆಲ್ಲ ಮಾಡಿತ್ತ್, ಕಾಣಿ!"

ಕೋಣೆಯ ಬಾಗಿಲು ತೆರೆದಳು. ನೆಲದಿಂದ ಮಾಡಿನವರೆಗೆ ಹಲಗೆಗಳ ಮೇಲೆ ಸಾಲುಸಾಲು ದೋಣಿ. ಒಂದೊಂದರ ಮುಂದಲೆಯ ಮೇಲೂ ನೀಲಿ ಬಣ್ಣದಲ್ಲಿ, ಅಳತೆ ಹಿಡಿದು ಬರೆದ ಹಾಗೆ, ಜಿ ಗುರುತು! ನಾನು ಒಂದನ್ನು ಎತ್ತಿ ತಿರುವಿದೆ, ಅಡಿಯಲ್ಲಿ ಅದೇ ಸೀಸದ ಪಟ್ಟಿ.

ಶೀನರು ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು ನಗುತ್ತ ನಿಂತಿದ್ದರು. "ಗುರ್ತ್ ಇಲ್ದಿರೆ ಒಳಗ್ ಬಿಡುದಿಲ್ಲ ಅಂದ್ರಿ ಅಲ್ದಾ? ನೀವ್ ಫೋನಗೆ ಕಳ್ಸದ್ ಪಟ ಕಂಡ್ ಹಾಕ್ಸಿದ್ದೆ. ನಮ್ಮ್ ದೋಣಿಗೆ ನಂಬ್ರ ಬರೂದ್ ಪೇಂಟರೇ ಬಂದ್ ಬರ್ದದ್ದ್."

ತಪ್ಪು ಎಲ್ಲಿ ಹುಟ್ಟಿತು ಎಂದು ಆಗ ತಿಳಿಯಿತು. ಇಲ್ಲಿ ದೋಣಿ ಕಡಲಿಗೆ ಇಳಿಯಬೇಕಾದರೆ ಮುಂದಲೆಯ ಮೇಲೆ ನಂಬರು ಬರೆಸಬೇಕು. ಬರೆಸದಿದ್ದರೆ ಕಾವಲಿನವರು ಹಿಡಿಯುತ್ತಾರೆ, ಬರೆಸಿದರೆ ಬಿಡುತ್ತಾರೆ. ಗುರುತು ಕೇಳಿದರು, ಶೀನರು ಬರೆಸಿದರು. ಅದರಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಪರೀಕ್ಷೆ ಮಾಡಿದವರು ಕೊಡಬೇಕಾದ ಗುರುತು ಇದು, ನಾವೇ ಬರೆದುಕೊಂಡರೆ ಮೋಸವಾಗುತ್ತದೆ ಎಂದು ವಿವರಿಸಿದೆ. ಆಮೇಲೆ ಸೀಸದ ಮಾತು ತೆಗೆದೆ. ಹಾಯಿ ಹೊಲಿಯುತ್ತಿದ್ದ ನಾಲ್ವರೂ ಸೂಜಿ ನಿಲ್ಲಿಸಿ ಕೇಳಿದರು.

ಶೀನರು ಒಂದು ಹಳೆಯ ಬಲೆಯನ್ನು ಎಳೆದು, ಸೀಸದ ಗುಂಡೊಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ತೋರಿಸಿದರು. ಗುಂಡಿನ ಸೀಳನ್ನು ಹಗ್ಗಕ್ಕೆ ಬಿಗಿಯುವುದು ಹಾಗೆಯೇ. "ಕಾಣಿ, ಸಣ್ಣಪ್ಪತಿಗೆಯಿಂದ ಹಲ್ಲಗೇ ಕಚ್ಚಿ ಹಾಕದ್ದ್. ನಂಗೆಂತ ಆಯ್ತ್?"

ಚಿಕ್ಕಂದಿನಿಂದ ಸೀಸ ಕಚ್ಚುತ್ತ ಬಂದವರ ಬಲಗೈಯನ್ನೇ ನಾನು ನೋಡುತ್ತಿದ್ದೆ. ಮಣಿಕಟ್ಟು ಜೋತು ಬಿದ್ದಿತ್ತು. ಸೀಸ ಕೈಕಾಲಿನ ಬಲವನ್ನು ಹೀರುತ್ತದೆ ಎಂದು ವರದಿ ಕೊಟ್ಟವರು ಹೇಳಿದ್ದರು. ಇವರ ಕೈಗೆ ಬಂದದ್ದು ಅದೋ ಬೇರೆಯೋ, ನಾನು ಡಾಕ್ಟರಲ್ಲ. ರಕ್ತ ಪರೀಕ್ಷೆ ಮಾಡಿಸಿ ಎಂದೆ. ಅವರು ಆ ಮಾತನ್ನು ಗಾಳಿಗೆ ಬಿಟ್ಟರು.

"ಹಾಂಗಾರೆ ಕಬ್ಬಿಣ ಹಾಕಿ, ಹಿತ್ತಾಳೆ ಹಾಕಿ," ಎಂದು ಬೇಡಿಕೊಂಡೆ.

"ಕಬ್ಣ ಕುಯ್ಕ್, ಹಿತ್ತಾಳಿ ಅರ ಹಾಕ್ಕ್. ಈ ಕೈಯಗೆ ಅದೆಲ್ಲ ಎಲ್ಲಾತ್ತ್? ಸೀಸ ಆರೆ ಒಲಿ ಮೇಲ್ ಇಟ್ರೆ ಕರಗತ್ತ್, ಹೊಯ್ದ್ರೆ ಕೂಕಂತ್ತ್." ಗರಗಸವನ್ನೂ ಅರವನ್ನೂ ಹಿಡಿಯಲಾರದ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು: "ನನ್ ಕೈ ಮಾತ್ ಕೇಂಬ್ದ್ ಈಗ ಸೀಸ ಒಂದೇ."

ಅಡುಗೆ ಒಲೆಯ ಪಕ್ಕದಲ್ಲಿ ಅವರ ಕೈಯ ಮಾತು ಕೇಳುವ ಆ ಸೀಸವನ್ನು ಕರಗಿಸುವ ತಗಡಿನ ಡಬ್ಬಿ ಕಾಣಿಸಿತು. ಅನ್ನ ಬೇಯುವ ಒಲೆಯೂ ಅದೇ. ಕೊಲ್ಲಿಯಲ್ಲಿ ಚೀನಾದಿಂದ ಬರುವ ಪ್ಲಾಸ್ಟಿಕ್ ಕೋತಿಗೂ ಗುರುತು ಬೇಕು, ಮಗು ನೆಕ್ಕಿದರೆ ಏನಾದೀತು ಎಂದು ಆರು ದೇಶಗಳು ಕೂತು ಯೋಚಿಸುತ್ತವೆ. ಈ ಒಲೆಯ ಮುಂದೆ ಕೂತವರಿಗಾಗಿ ಯೋಚಿಸಿದವರು ಯಾರು? ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಆಗ ಗುಲಾಬಿ ಮೆಲ್ಲಗೆ ಕೇಳಿದಳು: "ಅಕ್ಕ, ಅಲ್ಲಿನ್ ಮಕ್ಳಿಗ್ ಆಗ್ದಿದ್ದ್ ಇಲ್ಲಿನ್ ಮಕ್ಳಿಗೆ ಆತ್ತಾ?"

"ಯಾರಿಗೂ ಆಗುವುದಿಲ್ಲ. ಯಾಕೆ?"

ಗುಲಾಬಿ ದಿನವೂ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು. ವಾಡಿಕೆಯ ಮನೆಗಳಲ್ಲಿ ಮೀನು ಅಳೆದ ಮೇಲೆ ಕೊಸರಿಗೆ ಒಂದೆರಡು ಹೆಚ್ಚು ಹಾಕುವುದು ಪದ್ಧತಿ. ಮೀನು ದುಬಾರಿಯಾದ ಈ ದಿನಗಳಲ್ಲಿ ಆಕೆ ಕೊಸರಿಗೆ ಮೀನಿನ ಬದಲು ಮಕ್ಕಳಿರುವ ಮನೆಗೆ ಒಂದೊಂದು ದೋಣಿ ಕೊಟ್ಟಿದ್ದಳು. ಎಷ್ಟು ಮನೆ ಎಂದು ಕೇಳಿದರೆ ಲೆಕ್ಕವಿಲ್ಲ ಎಂದು ತಲೆ ಅಲ್ಲಾಡಿಸಿದಳು. ಹಂಚಿದ್ದರಲ್ಲಿ ಅರ್ಧದಷ್ಟನ್ನು ಬೇರೆ ಮೀನಿನ ಹೆಂಗಸರು ಹೊತ್ತು ಹೋಗಿದ್ದರಂತೆ, ಬೈಂದೂರಿನ ಕಡೆಗೆ, ಕುಂದಾಪುರದ ಕಡೆಗೆ.

ರಾತ್ರಿ ಅಲ್ಲೇ ಉಳಿದೆ. ಮೂರನೆಯ ದಿನ ಬೆಳಿಗ್ಗೆ ದೋಣಿಗಳನ್ನು ವಾಪಸು ತರಲು ಗುಲಾಬಿ ಬುಟ್ಟಿ ಹೊತ್ತಳು, ನಾನು ಹಿಂದೆ ನಡೆದೆ. ಬುಟ್ಟಿ ತುಂಬಿಸಿಕೊಂಡು ಹೋಗುವವಳು ಅವತ್ತು ಖಾಲಿ ಬುಟ್ಟಿ ಹೊತ್ತು ಹೊರಟಳು. ಒಂದು ಮನೆಯಲ್ಲಿ ಕೊಟ್ಟರು. ಇನ್ನೊಂದರಲ್ಲಿ ಮಗ ಕಳೆದಿದ್ದಾನೆ ಎಂದರು. ಮತ್ತೊಂದರಲ್ಲಿ, ಕೊಟ್ಟ ಕೊಸರನ್ನು ವಾಪಸು ಕೇಳುವ ಮೀನಿನವಳನ್ನು ಇವತ್ತೇ ಕಂಡದ್ದು ಎಂದು ಹಂಗಿಸಿ ಕೊಟ್ಟರು. ಗುಲಾಬಿಯ ಮುಖ ಸಣ್ಣದಾಯಿತು. ದೇವಸ್ಥಾನದ ಆಚೆಯ ಮನೆಯ ಜಗಲಿಯಲ್ಲಿ ಮಗುವೊಂದು ಅಂಬೆಗಾಲಿಡುತ್ತಿತ್ತು. ಅದರ ತಾಯಿ ಬಹಳ ಸಂತೋಷದಿಂದ ನಮ್ಮನ್ನು ಕರೆದಳು.

"ಗುಲಾಬಿ, ನಿನ್ ದೋಣಿ ಲಾಯ್ಕ್ ಇತ್ತ್ ಮರಾಯ್ತಿ! ಹಲ್ಲ್ ಬಪ್ಪತಿಗೆ ರಗಳಿ ಅಲ್ದಾ? ಅಡಿದ್ ಪಟ್ಟಿ ತಂಪಿರತ್ತ್. ಕಚ್ಚುಕ್ ಕೊಟ್ರೆ ಮರ್ಕುದೇ ಇಲ್ಲ."

ಹಲ್ಲು ಬರುವ ಮಗು ಅಳದಿರಲಿ ಎಂದು ಸೀಸವನ್ನೇ ಕಚ್ಚಲು ಕೊಟ್ಟಿದ್ದಳು. ಮಗುವಿನ ಕೈಯಿಂದ ದೋಣಿ ಕಿತ್ತುಕೊಂಡೆ. ಅದು ಕಿರುಚಿತು. ಸೀಸದ ಪಟ್ಟಿಯ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತುಗಳಿದ್ದವು. ವಿಷ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ನೋಡಿಸಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ತಾಯಿ ನನ್ನನ್ನೂ ನೀಲಿ ಗುರುತನ್ನೂ ನೋಡಿದಳು.

"ವಿಷ ಆರೆ ಒಳ್ಳೇದ್ ಅಂದೇಳಿ ಗುರ್ತ್ ಎಂತಕ್ ಹಾಕದ್ದ್?" ಎಂದು ಕೇಳಿದಳು. ಗುಲಾಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅವಳ ಅಳು ಕಂಡಮೇಲೆಯೇ ಆ ತಾಯಿಗೆ ಹೆದರಿಕೆಯಾದದ್ದು.

ಅಲ್ಲಿಂದ ಮುಂದೆ ಹೋಗುವ ಶಕ್ತಿ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ವಾಪಸು ಸಿಕ್ಕ ಮೂರು ದೋಣಿಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡು ಮರಳಿದೆವು. ಶೀನರು ಅಂಗಳದಲ್ಲಿ ಕೂತು ದೋಣಿಗಳ ಮೇಲಿನ ನೀಲಿ ಗುರುತನ್ನು ಬ್ಲೇಡಿನಿಂದ ಕೆರೆಯುತ್ತಿದ್ದರು. ಮೊದಲು ಸೀಸ ಕೀಳಿ ಎಂದೆ. "ಅದ್ ಕೀಳ್ತೆ. ಸುಳ್ಳ್ ಗುರ್ತ್ ಮೊದ್ಲ್ ಹೋಯ್ಲಿ. ನಾನ್ ಮೋಸ ಮಾಡ್ದನ್ ಅಲ್ಲ," ಎಂದರು ತಲೆ ಎತ್ತದೆ. ಹಾಯಿ ಹೊಲಿಯುವವರು ಸೂಜಿದಾರ ಕಟ್ಟಿಕೊಂಡು ಆಗಲೇ ಹೋಗಿದ್ದರು. ಗುಲಾಬಿ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದಳು. ಹೊರಡುವಾಗ ಯಾರೂ ಮತ್ತೆ ಬನ್ನಿ ಎನ್ನಲಿಲ್ಲ.

ಆಟೋದಲ್ಲಿ ಬೈಂದೂರು ಸ್ಟೇಷನ್ನಿಗೆ ಹೋದೆ. ಮಂಗಳೂರಿನ ಪ್ಯಾಸೆಂಜರ್ ರೈಲಿಗೆ ಮೂವತ್ತು ರೂಪಾಯಿ. ಸೆಖೆ ಏರಿತ್ತು, ಫ್ಯಾನು ತಿರುಗುತ್ತಿರಲಿಲ್ಲ. ಎದುರಿನ ಸೀಟಿನಲ್ಲಿ ಇಬ್ಬರು ಮಕ್ಕಳ ತಾಯಿ ಕೂತಿದ್ದಳು. ನೀರಿನ ಬಾಟಲಿ ತೆಗೆಯುವಾಗ ನನ್ನ ಚೀಲದೊಳಗಿನ ದೋಣಿಗಳು ಅವಳ ಕಣ್ಣಿಗೆ ಬಿದ್ದವು.

"ಅದ್ರಗೆ ಒಂದ್ ಕೊಡ್ತ್ರ್ಯಾ? ದುಡ್ಡ್ ಕೊಡ್ತೆ. ನಮ್ಮತ್ರ ಒಂದೇ ಇಪ್ಪುದ್, ಇಬ್ರೂ ಜಗಳ ಮಾಡ್ತೊ," ಎಂದಳು. ತನ್ನ ಬ್ಯಾಗಿನಿಂದ ತೆಗೆದು ತೋರಿಸಿದಳು. ಅದೇ ದೋಣಿ, ಅದೇ ನೀಲಿ ಗುರುತು.

ನಾನು ಅದನ್ನೂ ಕೊಡು ಎಂದು ಕೈ ಚಾಚಿದೆ. ಸೀಸದ ಕಥೆಯನ್ನೆಲ್ಲ ಹೇಳಿದೆ. ಬಿಜೂರು ಸ್ಟೇಷನ್ನಿನಿಂದ ಸೇನಾಪುರ ಸ್ಟೇಷನ್ನಿನವರೆಗೂ ಹೇಳಿದೆ. ಅವಳು ಮೊದಲು ಕೇಳಿದಳು, ಆಮೇಲೆ ಚೀಲದಲ್ಲಿದ್ದ ದೋಣಿಗಳನ್ನು ನೋಡಿದಳು, ಆಮೇಲೆ ಚೀಲಕ್ಕೆ ಕಟ್ಟಿದ್ದ ವಿಮಾನದ ಚೀಟಿಯನ್ನು. "ಗೊತ್ತಾಯ್ತ್ ಬಿಡಿ. ಫಾರಿನ್ನಿಗ್ ತಕಂಡ್ ಹೋಪ್ದ್ ಅಲ್ದಾ? ಅಲ್ಲಿನ್ ಮಕ್ಳಿಗ್ ಮಾತ್ರ ಆಪ್ದ್, ನಮ್ಮ್ ಮಕ್ಳಿಗ್ ವಿಷ!" ಎಂದು ದೋಣಿಯನ್ನು ಚಿಕ್ಕ ಮಗುವಿನ ಕೈಗೆ ಕೊಟ್ಟು ಮುಖ ತಿರುಗಿಸಿದಳು.

ಕುಂದಾಪುರದಲ್ಲಿ ಅವರು ಇಳಿದರು. ನಾನು ಬಾಗಿಲವರೆಗೂ ಹಿಂದೆಯೇ ಹೋದೆ, ಅಮ್ಮಾ, ಅಮ್ಮಾ ಎಂದು ಕೂಗಿದೆ. ಅವಳು ದೊಡ್ಡವನ ಕೈಹಿಡಿದು, ಚಿಕ್ಕದನ್ನು ಹೆಗಲ ಮೇಲೆ ಹಾಕಿಕೊಂಡು ಬೇಗಬೇಗ ನಡೆದಳು. ರೈಲು ಹೊರಟಿತು. ಹೆಗಲ ಮೇಲಿನ ಮಗು ಮಾತ್ರ ನನ್ನನ್ನೇ ನೋಡುತ್ತಿತ್ತು. ಗುರುತು ನನ್ನ ಕಡೆಗಿತ್ತು. ದೋಣಿಯ ಅಡಿ ಅದರ ಬಾಯಲ್ಲಿತ್ತು.