ಬರೀ ಕೇಳುವವನು
ಅವನು ಹುಟ್ಟಿದಾಗ ಅಳಲೇ ಇಲ್ಲ, ಸೂಲಗಿತ್ತಿಯನ್ನೇ ‘ನೀನ್ಯಾರು?’ ಎಂದು ಕೇಳಿದ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಟಿವಿಯಲ್ಲಿ ಚರ್ಚೆ ನಡೆಸುವವನಾದ ಮೇಲಂತೂ ಪ್ರಶ್ನೆಯಣ್ಣ ಎಂಬುದೇ ಅವನ ಹೆಸರಾಯಿತು. ಒಂದು ಸುಳ್ಳನ್ನೂ ಹೇಳಿದವನಲ್ಲ, ಬರೀ ಕೇಳುವವನು. ಚುನಾವಣೆಯಲ್ಲಿ ಸೋತ ನಾಯಕರು ಬೆಳಿಗ್ಗೆ ಫೋನು ಮಾಡಿ, “ಮತ ಕದ್ದಿದ್ದಾರಂತೆ, ಒಂದ್ಸಲ ಕೇಳಿ ನೋಡಪ್ಪ” ಎಂದರೆ ಸಂಜೆ ಇವನು ಮೇಜು ಗುದ್ದಿ, “ಮತ ಕದ್ದರಾ?” ಎಂದು ಕೇಳುವನು. ಮರುದಿನ ನಾಯಕರು ಸಭೆಯಲ್ಲಿ, “ಟಿವಿಯಲ್ಲೇ ಬಂದಿದೆ!” ಎನ್ನುವರು. ಅಂದು ಸಂಜೆ ಇವನು, “ನಾಯಕರೇ ಹೇಳಿದ್ದಾರೆ, ಉತ್ತರ ಎಲ್ಲಿ?” ಎನ್ನುವನು. ಹೀಗೆ ಇಬ್ಬರೂ ಸೇರಿ ಇಲ್ಲದ ಕೂಸಿಗೆ ತೊಟ್ಟಿಲು ತೂಗಿದರೆ ಊರೆಲ್ಲ ಜೋಗುಳ ಹಾಡುತ್ತಿತ್ತು. ಮನೆಯಲ್ಲಿ ಮಾತ್ರ ಬೆಣ್ಣೆಯಂಥವನು. ತಾಯಿಯಿಲ್ಲದ ತನ್ನನ್ನು ಸಾಕಿದ, ಶಾಲೆಯಲ್ಲಿ ಪಾಠ ಹೇಳುವ ಅಕ್ಕನಿಗೆ ದಿನಾ ಊಟದ ಡಬ್ಬಿ ಕಟ್ಟಿಕೊಡುವವನು ಅವನೇ; ಅವಳು ಮತಗಟ್ಟೆಯ ಕೆಲಸಕ್ಕೆ ಹೊರಟ ದಿನವೂ ಕಟ್ಟಿಕೊಟ್ಟಿದ್ದ. ಆಮೇಲೊಂದು ದಿನ ನಾಯಕರು ಮಸುಕು ವಿಡಿಯೋ ಒಂದನ್ನು ಕಳಿಸಿದರು. ಮತಗಟ್ಟೆಯ ಹಿಂಬಾಗಿಲಿನಿಂದ ಹೆಂಗಸೊಬ್ಬಳು ಚೀಲ ಹಿಡಿದು ಬೆನ್ನು ಮಾಡಿ ಹೋಗುತ್ತಿದ್ದಳು. ಇವನು ಸರಿಯಾಗಿ ನೋಡಲೂ ಇಲ್ಲ, “ಯಾರೀಕೆ? ಚೀಲದಲ್ಲೇನಿದೆ?” ಎಂದು ದಿನವಿಡೀ ಕೇಳಿದ. ಊರು ಗುರುತು ಹಿಡಿಯಿತು. ಮನೆಯ ಕಿಟಕಿಗೆ ಕಲ್ಲು ಬಿತ್ತು. ಶಾಲೆಯವರು ಅಕ್ಕನಿಗೆ ಬರಬೇಡಿ ಎಂದರು. ಚೀಲದಲ್ಲಿದ್ದದ್ದು ಅವನೇ ಕಟ್ಟಿಕೊಟ್ಟ ಊಟದ ಡಬ್ಬಿ. “ಅಕ್ಕಾ, ನಾನು ಹೇಳಲಿಲ್ಲ ಕಣೇ, ಬರೀ ಕೇಳಿದೆ” ಎಂದ. “ಪಕ್ಕದ ಕೋಣೇಲೇ ಇದ್ದೆನಲ್ಲೋ, ನನ್ನ ಕೇಳಬಹುದಿತ್ತು” ಎಂದಳು ಅಕ್ಕ. ಡಬ್ಬಿಯನ್ನು ತೊಳೆದು ಕವುಚಿಟ್ಟು, ಬಟ್ಟೆಯ ಗಂಟು ಎತ್ತಿಕೊಂಡು ಆ ಮನೆಯ ಹೊಸ್ತಿಲನ್ನು ಕಡೆಯ ಸಲ ದಾಟಿದಳು. ಎಲ್ಲಿಗೆ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.