ತೂತು ಗೋಡೆಯ ಮನೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊನ್ನೆ ಸಂಪು ತೊಳೆದರು. ನಾಲ್ಕನೆಯ ಮಹಡಿಯವರೆಗೂ ಬ್ಲೀಚಿಂಗ್ ಪುಡಿಯ ವಾಸನೆ ಏರಿ ಬಂತು. ನೆರೆಯವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಂಡರು. ನಾನು ಮಾತ್ರ ಬಾಲ್ಕನಿಗೆ ಬಂದು ನಿಂತೆ. ನೀವೂ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಕಣ್ಣು ಉರಿದರೂ ಆಮೇಲೆ ಒಗ್ಗುತ್ತದೆ.

ತೂಬಗೆರೆಯ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ರೇಷ್ಮೆ ಹುಳು ಸಾಕುವವಳು. ಪ್ರತಿ ಬೆಳೆಗೆ ಮುಂಚೆ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಮನೆಯನ್ನೆಲ್ಲ ತೊಳೆಯುತ್ತಿದ್ದಳು. ಹುಳು ಮೇಯಿಸುವ ಬಿದಿರಿನ ತಟ್ಟೆಗಳನ್ನು ಬಿಸಿಲಿಗೆ ಇಟ್ಟು, ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿದಳೆಂದರೆ ಮುಗಿಯಿತು, ಗೂಡು ಬಿಡಿಸುವವರೆಗೆ ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಅಂಚೆಯವನೂ ಅಂಗಳದಿಂದಲೇ ಕೂಗಬೇಕು.

ಮುಂದೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಈ ದೊಡ್ಡಮ್ಮನ ಕತೆಯನ್ನು ನಾನು ಹಲವು ವರ್ಷ ವಾಸ್ತುಶಿಲ್ಪದ ಕಾಲೇಜುಗಳಲ್ಲಿ ಹೇಳಿದ್ದೇನೆ. ಎಲ್ಲಿ ನಗು ಬರುತ್ತದೆ, ಎಲ್ಲಿ ಒಂದು ಕ್ಷಣ ಸುಮ್ಮನಿದ್ದು ನೀರು ಕುಡಿಯಬೇಕು ಎಂಬುದೂ ನನಗೆ ಬಾಯಿಪಾಠ. ಅಷ್ಟು ನುಣುಪಾದ ನೆನಪನ್ನು ನಾನೇ ನಂಬುವುದಿಲ್ಲ, ನೀವು ಯಾಕೆ ನಂಬಬೇಕು?

ನಾವು ಓದುತ್ತಿದ್ದಾಗ ಹಾಸ್ಟೆಲಿನ ಪ್ರತಿ ಕೋಣೆಯ ಗೋಡೆಯ ಮೇಲೂ ಒಬ್ಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ದೇವರ ಫೋಟೋದ ಹಾಗೆ ಇರುತ್ತಿದ್ದ. ಮನೆಯನ್ನು ನೆಲದಿಂದ ಎತ್ತಿ ಕಂಬಗಳ ಮೇಲೆ ಕೂರಿಸುವವನು ಒಬ್ಬ. ಅವನ ಭಕ್ತರು ಬಿಳಿ ಅಂಗಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಸೆಂಟ್ರಿಂಗ್ ಹಲಗೆಯ ಗೆರೆಗಳು ಮೂಡಿದ ಕಾಂಕ್ರೀಟನ್ನು ಹಾಗೆಯೇ ಬಿಡುವವನು ಇನ್ನೊಬ್ಬ. ಅವನ ಕಡೆಯವರು ಗಡ್ಡ ಬೋಳಿಸುತ್ತಿರಲಿಲ್ಲ. ಉಕ್ಕು ಮತ್ತು ಗಾಜು ಸಾಕು, ಉಳಿದದ್ದೆಲ್ಲ ಕಸ ಎನ್ನುವವನ ಭಕ್ತ ನನ್ನ ರೂಮ್‌ಮೇಟು. ಅವನ ಮೇಜಿನ ಮೇಲೆ ಒಂದೇ ಒಂದು ಪೆನ್ಸಿಲ್ ಇರುತ್ತಿತ್ತು. ಮಿಕ್ಕ ಸಂಸಾರವನ್ನೆಲ್ಲ ಮಂಚದ ಕೆಳಗೆ ತುರುಕಿರುತ್ತಿದ್ದ. ಆ ಪ್ರಸಿದ್ಧ ಮನೆಗಳ ಯಾವ ಫೋಟೋದಲ್ಲೂ ಒಬ್ಬ ಮನುಷ್ಯನಿರಲಿಲ್ಲ. ಒಗೆದ ಬಟ್ಟೆ ಇರಲಿಲ್ಲ, ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ಆಗ ಅದು ಕಣ್ಣಿಗೆ ಬೀಳಲಿಲ್ಲ.

ನನ್ನ ದೇವರು ಬೆಂಗಳೂರಿನಲ್ಲೇ ಇದ್ದರು. ಓದು ಮುಗಿಸಿ ಅವರ ಆಫೀಸಿನಲ್ಲೇ ಕೆಲಸಕ್ಕೆ ಸೇರಿದೆ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಅವರು ಇಟ್ಟಿಗೆಗೆ ಗಾರೆ ಬಳಿಯುತ್ತಿರಲಿಲ್ಲ. ಇಟ್ಟಿಗೆಗಳನ್ನು ಒಂದು ಬಿಟ್ಟು ಒಂದು ಜೋಡಿಸಿ ಗೋಡೆಯನ್ನೇ ಜರಡಿ ಮಾಡುತ್ತಿದ್ದರು. ಹೊರಗಿನ ಬೆಳಕು ಸೋಸಿಕೊಂಡು ಒಳಗೆ ಬಂದು ನೆಲದ ಮೇಲೆ ಚೌಕ ಚೌಕವಾಗಿ ಬೀಳುವುದನ್ನು ನೋಡುತ್ತಾ ನಾನು ನಿಜವಾಗಿಯೂ ಊಟದ ಹೊತ್ತನ್ನೇ ಮರೆಯುತ್ತಿದ್ದೆ. ಬಸ್ಸಿನ ಕಿಟಕಿಯಿಂದ ನೋಡಿದವರೂ ಇದು ಅವರು ಕಟ್ಟಿದ್ದು ಎಂದು ಗುರುತು ಹಿಡಿಯುತ್ತಿದ್ದರು. ನನಗೂ ಅದೇ ಬೇಕಿತ್ತು. ಮನೆ ಯಾರದಾದರೂ ಇರಲಿ, ಬಸ್ಸಿನಲ್ಲಿ ಹೋಗುವವನ ಬಾಯಲ್ಲಿ ನನ್ನ ಹೆಸರು ಬರಬೇಕು.

ಅಂಥ ಹೊತ್ತಿನಲ್ಲಿ, ಊರಲ್ಲಿ ಹೊಸ ಮನೆ ಕಟ್ಟಿಸಲೆಂದು ದೊಡ್ಡಪ್ಪ ಸೈಟಿನ ನಕ್ಷೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದರು.

“ನೀನೇ ಬರಕೊಡಪ್ಪ. ಮನೇಲೇ ಇಂಜಿನಿಯರ್ ಇಟ್ಕೊಂಡು ಹೊರಗಿನೋರ ಹತ್ರ ಯಾಕೆ ಹೋಗ್ಲಿ?”

“ನಾನು ಇಂಜಿನಿಯರ್ ಅಲ್ಲ ದೊಡ್ಡಪ್ಪ, ಆರ್ಕಿಟೆಕ್ಟು.”

“ಹಂಗಂದ್ರೆ? ಇಂಜಿನಿಯರ್‌ಗೆ ಸೀಟು ಸಿಗದೇ ಇದ್ದೋರಾ?”

ದೊಡ್ಡಮ್ಮ ಕೇಳಿದ್ದು ಒಂದೇ. “ಹುಳಕ್ಕೆ ಜಾಗ ಮಾಡು ಕಣಪ್ಪ. ಗಾಳಿ ಆಡ್ಬೇಕು, ನೊಣ ಬರಬಾರ್ದು. ಅಷ್ಟೇ.”

ಹೀಗೆ ಬರೆದ ಮೇಲೆ ಎದ್ದು ಹೋಗಿ ಆ ಕಾಲದ ನೋಟ್‌ಬುಕ್ ಹುಡುಕಿ ನೋಡಿದೆ. ಸಂಜೆ ನಾಲ್ಕು ಗಂಟೆಯ ಬಿಸಿಲು ಪಶ್ಚಿಮದ ಗೋಡೆಗೆ ಎಷ್ಟು ಓರೆಯಾಗಿ ಬೀಳುತ್ತದೆ ಎಂಬುದಕ್ಕೆ ಮೂರು ಪುಟ ಚಿತ್ರಗಳಿವೆ. ಹುಳು ಎಂಬ ಪದ ಎಲ್ಲಿಯೂ ಇಲ್ಲ. ಹಾಗಾದರೆ ಅವಳು ಅದನ್ನು ಹೇಳಿದ್ದಳೋ, ಅಥವಾ ನನ್ನ ತಪ್ಪಿಗೆ ತೂಕ ಬರಲೆಂದು ಈಗ ನಾನೇ ಅವಳ ಬಾಯಿಗೆ ಆ ಮಾತು ಹಾಕುತ್ತಿದ್ದೇನೋ? ಹೇಳದಿದ್ದರೂ ನನಗೆ ಗೊತ್ತಿರಬೇಕಿತ್ತು. ಬೇಸಿಗೆ ರಜೆಯೆಲ್ಲ ಆ ತಟ್ಟೆಗಳ ಕೆಳಗೆ ಚಾಪೆ ಹಾಸಿಕೊಂಡು ಮಲಗಿದವನು ನಾನು.

ಗೊತ್ತಿರಬೇಕಾದದ್ದು ಇನ್ನೂ ಒಂದಿತ್ತು. ಮೊಟ್ಟೆಯೊಡೆದು ಬಂದ ಹುಳು ಇರುವೆಗಿಂತ ಸಣ್ಣದು. ಮೊದಲ ಹತ್ತು ದಿನ ಅವನ್ನು ಉಳಿಸುವುದೇ ಕಷ್ಟ. ಅದಕ್ಕೆ ನಮ್ಮ ಕಡೆ ಚಾಕಿ ಎನ್ನುತ್ತಾರೆ. ಸುತ್ತಲಿನವರು, ದೊಡ್ಡಬೆಳವಂಗಲದ ಕಡೆಯವರು ಕೂಡ, ಮೊಟ್ಟೆ ತಂದು ದೊಡ್ಡಮ್ಮನ ಕೈಗೆ ಕೊಟ್ಟು ಚಾಕಿ ಮಾಡಿಸಿಕೊಂಡು ಹೋಗುತ್ತಿದ್ದರು. ಆಯಮ್ಮನ ಕೈಗುಣ ಒಳ್ಳೇದು ಎಂಬುದೇ ಕಾರಣ. ದೊಡ್ಡಪ್ಪನ ಹೆಸರು ಹೇಳಿದರೆ ಮನೆ ತೋರಿಸದವರು, ಚಾಕಿ ಮಾಡುವ ಅಮ್ಮ ಎಂದರೆ ಬಾಗಿಲವರೆಗೂ ಬಂದು ತೋರಿಸುತ್ತಿದ್ದರು.

ನಾನು ಹುಳು ಸಾಕಬೇಕಿದ್ದ ಹಜಾರದ ಪಶ್ಚಿಮದ ಗೋಡೆಯನ್ನು ಉದ್ದಕ್ಕೂ ಜರಡಿ ಮಾಡಿದೆ. ಗಾರೆ ಕೆಲಸದ ಮುನಿಶಾಮಪ್ಪ ನಾಲ್ಕು ವರಸೆ ಕಟ್ಟಿ, ಬೀಡಿ ಹಚ್ಚಿಕೊಂಡು ದೂರ ನಿಂತು ನೋಡಿದ. “ಇಟ್ಟಿಗೆ ಕಮ್ಮಿ ಬಿದ್ರೆ ಹೇಳಿ ಸಾಮಿ, ಇನ್ನೊಂದು ಲೋಡು ತರ್ಸೋಣ. ಹಲ್ಲು ಬಿದ್ದೋನ ಬಾಯಿ ಇದ್ದಂಗೈತೆ.” ಗೃಹಪ್ರವೇಶಕ್ಕೆ ಬಂದವರೆಲ್ಲ ಹೋಳಿಗೆ ತಿಂದು, ಗೋಡೆ ಸವರಿ, “ಗಾರೆ ಯಾವಾಗ ಮಾಡಿಸ್ತೀರಾ?” ಎಂದು ಕೇಳಿ ಹೋದರು. ನನಗೆ ಅವರ ಮೇಲೆ ಕನಿಕರವಾಯಿತು. ಕನಿಕರ ಎಂದರೆ ಸೊಕ್ಕಿಗೆ ನಾನು ಆಗ ಇಟ್ಟುಕೊಂಡಿದ್ದ ಹೆಸರು.

ಮುಂದಿನ ಸಲ ಹೋದಾಗ ಗೋಡೆಯೇ ಕಾಣಲಿಲ್ಲ. ಒಳಗಡೆಯಿಂದ ದೊಡ್ಡಮ್ಮ ಹಳೆಯ ಸೀರೆಗಳನ್ನು ಎರಡು ಪದರ ಮಾಡಿ ಮೊಳೆ ಹೊಡೆದಿದ್ದಳು. ಹಸಿರು, ನೇರಳೆ, ಒಂದು ಚೌಕಳಿ.

“ಇದೇನು ದೊಡ್ಡಮ್ಮ?”

“ಊಜಿ ಕಣೋ. ನಿನ್ನ ಬೆಳಕು ಬರೋ ದಾರೀಲೇ ಅದೂ ಬರುತ್ತೆ.”

ಊಜಿ ಎಂದರೆ ಮನೆಯ ನೊಣಕ್ಕಿಂತ ಕೊಂಚ ದೊಡ್ಡ ಬೂದು ನೊಣ. ಹುಳುವಿನ ಮೈಮೇಲೆ ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಹುಳು ಸೊಪ್ಪು ತಿಂದುಕೊಂಡೇ ಇರುತ್ತದೆ, ಗೂಡನ್ನೂ ಕಟ್ಟುತ್ತದೆ. ಒಳಗೆ ಬೆಳೆದ ಊಜಿಯ ಮರಿ ಅದನ್ನು ತಿಂದು, ಗೂಡಿಗೆ ತೂತು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಇದನ್ನೆಲ್ಲ ಅವಳು ವಿವರಿಸುತ್ತಿದ್ದಾಗ ನಾನು ಮೊಳೆ ಹೊಡೆದ ಕಡೆ ಇಟ್ಟಿಗೆಯ ಅಂಚು ಕಿತ್ತುಹೋಗಿದ್ದನ್ನು ನೋಡುತ್ತಿದ್ದೆ.

ಆಮೇಲೆ ಪತ್ರಿಕೆಯ ದಿನ ಬಂತು. ಮೇಷ್ಟ್ರು ನನ್ನ ಮನೆ ನೋಡಬೇಕೆಂದರು. ನನ್ನ ಮನೆ ಎಂದೇ ಅವರು ಹೇಳಿದ್ದು, ನಾನೂ ತಿದ್ದಲಿಲ್ಲ. ಜೊತೆಗೆ ವಾಸ್ತುಶಿಲ್ಪದ ಪತ್ರಿಕೆಯೊಂದರ ಫೋಟೋಗ್ರಾಫರ್ ಬಂದ.

ವೇದಿಕೆಯಲ್ಲಿ ಹೇಳುವ ಕತೆ ಹೀಗೆ: ಒಂದು ಗಂಟೆ ಸೀರೆ ಬಿಚ್ಚಿಡು ದೊಡ್ಡಮ್ಮ ಎಂದೆ. ಅವಳು ನಕ್ಕು, “ಬೇಗ ಹೊಡ್ಕೊಳ್ಳಿ. ಪಾಪ, ಬರಿಮೈಲಿ ಎಷ್ಟೊತ್ತು ನಿಂತ್ಕೊಳ್ಳತ್ತೆ ಗೋಡೆ, ಆಮೇಲೆ ಮತ್ತೆ ಉಡಿಸ್ಬೇಕು” ಎಂದಳು. ಇಲ್ಲಿ ವಿದ್ಯಾರ್ಥಿಗಳು ನಗುತ್ತಾರೆ. ನಾನು ನೀರು ಕುಡಿಯುತ್ತೇನೆ.

ಈಗ ಅದನ್ನು ಹೊಡೆದುಹಾಕಿ ಇನ್ನೊಮ್ಮೆ ಬರೆಯುತ್ತೇನೆ. ದೊಡ್ಡಮ್ಮ ಹೊಸ್ತಿಲಲ್ಲಿ ನಿಂತಿದ್ದಳು. “ಇವತ್ತೇ ಆಗ್ಬೇಕಾ? ನಾಕನೇ ಜ್ವರದಿಂದ ಎದ್ದು ಎರಡು ದಿನ ಆಗಿದೆ ಅಷ್ಟೇ.” ಹುಳು ಪೊರೆ ಬಿಡುವ ಮುಂಚೆ ತಿನ್ನದೆ ತಲೆಯೆತ್ತಿ ಮಲಗುವುದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳು ವಾರವೊಂದು ತಿಂದು ಮೈತುಂಬಿಕೊಂಡರೆ ಗೂಡಿಗೆ ಸಿದ್ಧ. ಊಜಿಗೆ ಅದೇ ಹಬ್ಬದ ಕಾಲ. “ಒಂದೇ ಗಂಟೆ. ಮೇಷ್ಟ್ರು ಬೆಂಗಳೂರಿಂದ ಬಂದವರೆ” ಎಂದೆ. ಅವಳು ಮೇಷ್ಟ್ರ ಬೂಟು ನೋಡಿದಳು, ನನ್ನ ಮುಖ ನೋಡಿದಳು. ಸುತ್ತಿಗೆ ತಂದು ಒಂದೊಂದೇ ಮೊಳೆ ಕಿತ್ತಳು. ತಟ್ಟೆಗಳ ಸ್ಟ್ಯಾಂಡನ್ನು ಕ್ಯಾಮೆರಾಕ್ಕೆ ಕಾಣದ ಮೂಲೆಗೆ ನಾನೂ ಫೋಟೋಗ್ರಾಫರನೂ ಹಿಡಿದು ಸರಿಸಿದೆವು. ಹೊತ್ತು ಮುಳುಗುವವರೆಗೂ ಗೋಡೆ ತೆರೆದೇ ಇತ್ತು. ಅವಳು ನಕ್ಕಳೇ? ಗೋಡೆಗೆ ಉಡಿಸುವ ಮಾತು ಅವಳದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬೇರೆ ಯಾವುದೋ ದಿನ ಆಡಿದ್ದನ್ನು ಕಿತ್ತು ತಂದು ಈ ದಿನಕ್ಕೆ ಅಂಟಿಸಿದವನು ನಾನು.

ಫೋಟೋ ಬಹಳ ಚೆನ್ನಾಗಿ ಬಂತು. ಕೆಂಪು ನೆಲ, ಅದರ ಮೇಲೆ ಬೆಳಕಿನ ಚೌಕಗಳು. ಮನುಷ್ಯರಿಲ್ಲ. ಅದರಿಂದ ಕೆಲಸ ಸಿಕ್ಕಿತು, ಸ್ವಂತ ಆಫೀಸಾಯಿತು, ಕಾಲೇಜುಗಳಿಂದ ಕರೆ ಬಂತು. ಯಾರೋ ಲೇಖನದಲ್ಲಿ ನನ್ನ ಶೈಲಿ ಎಂದೂ ಬರೆದರು. ಮತ್ತೊಮ್ಮೆ ಊರಿಗೆ ಹೋದಾಗ ಹಜಾರದಲ್ಲಿ ಹುಳುವಿನ ತಟ್ಟೆಗಳಿರಲಿಲ್ಲ. “ಸಾಕಾಯ್ತು ಕಣೋ, ಮಂಡಿ ನೋವು” ಎಂದಳು ದೊಡ್ಡಮ್ಮ. ನಾನು ನಂಬಿದೆ. ನೆನಪುಗಳನ್ನು ಅಷ್ಟು ಅನುಮಾನಿಸುವವನು ಇದನ್ನು ಮಾತ್ರ ಎಷ್ಟು ಸುಲಭವಾಗಿ ನಂಬಿದೆ ನೋಡಿ.

ಹೋದ ವರ್ಷ ಅವಳ ಮಗ ಮುನಿರಾಜು ಫೋನ್ ಮಾಡಿದ. ಅವನಿಗೆ ನೆಲಮಂಗಲದ ಗೋದಾಮಿನಲ್ಲಿ ಕೆಲಸ, ಬಿಡುವಿನಲ್ಲಿ ಹಿಪ್ಪುನೇರಳೆ ತೋಟ. ಮನೆಯ ಹಿಂದೆ ಹುಳಕ್ಕೆಂದೇ ಬೇರೆ ಮನೆ ಕಟ್ಟುತ್ತಿದ್ದೇವೆ, ಅಮ್ಮ ಮತ್ತೆ ಸಾಕುತ್ತಾಳಂತೆ ಎಂದ. ನಾನು ಖುಷಿಯಾಗಿ, ಡ್ರಾಯಿಂಗ್ ನಾನೇ ಮಾಡಿಕೊಡುತ್ತೇನೆ ಎಂದೆ.

“ಬೇಡ ಬಿಡಣ್ಣ. ಶೀಟ್ ಹಾಕಿ ಮೆಶ್ ಹೊಡಿಸ್ತೀವಿ, ಅಷ್ಟೇ.”

“ಅದನ್ನೇ ಚೆನ್ನಾಗಿ ಮಾಡಬಹುದು ಕಣೋ.”

“ಚೆನ್ನಾಗಿರೋದು ಒಂದೈತಲ್ಲ ಗುರು, ಸಾಕು.” ಅತ್ತ ಕಡೆ ಲಾರಿಯ ಹಾರ್ನಿಗೆ ಅವನು ದನಿ ಏರಿಸಿದ. “ಬೇಜಾರು ಮಾಡ್ಕೋಬೇಡ. ನೀವು ಫೋಟೋ ಹೊಡ್ಕೊಂಡು ಹೋದ್ರಲ್ಲ, ಆ ಬೆಳೆ ಪೂರ್ತಿ ಊಜಿ. ಮೂರು ದಿನಕ್ಕೆ ಹುಳದ ಮೈಮೇಲೆಲ್ಲ ಕರಿ ಚುಕ್ಕೆ. ಗೂಡು ಬಿಡಿಸಿದ್ರೆ ಬರೀ ತೂತು.”

“ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

“ಅಮ್ಮ ಬಾಯಿ ಬಿಡ್ಬೇಡಿ ಅಂದ್ಲು. ಆಯಮ್ಮನ ಕೈಗುಣ ಹೋಯ್ತು ಅಂತ ಊರೆಲ್ಲ ಆಡ್ಕೊಂಡ್ರು. ಚಾಕಿಗೆ ಕೊಡೋದೂ ನಿಲ್ಸಿದ್ರು. ಸೀರೆ ಬಿಚ್ಚಿಸಿದ್ದು ನನ್ ತಂಗಿ ಮಗ ಅಂತ ಒಂದ್ಮಾತು ಹೇಳಿದ್ರೆ ಮುಗೀತಿತ್ತು. ಹೇಳ್ಲಿಲ್ಲ.”

ಫೋನಿಟ್ಟ ಮೇಲೆ ನಾನು ಮೊದಲು ಮಾಡಿದ ಕೆಲಸವನ್ನು ನಿಮಗೆ ಹೇಳಿಬಿಡುತ್ತೇನೆ. ಮುನಿರಾಜುವಿನ ನೆನಪನ್ನು ಅನುಮಾನಿಸಲು ಹೊರಟೆ. ಅವನು ಆಗ ಚಿಕ್ಕವನು. ಊಜಿ ಬಾಗಿಲಿನಿಂದಲೂ ಬಂದಿರಬಹುದು, ಸೊಪ್ಪಿನ ಹೊರೆಯ ಜೊತೆಗೂ ಬಂದಿರಬಹುದು. ಯಾವ ನೆನಪನ್ನೂ ನಂಬಬಾರದು ಎಂಬ ನನ್ನ ಹಳೆಯ ಚಾಳಿ ಅವತ್ತು ನನಗೆ ತುಂಬ ಅನುಕೂಲವಾಗಿ ಕಂಡಿತು. ಅನುಕೂಲವಾಗಿ ಕಂಡದ್ದರಿಂದಲೇ ಆ ಅನುಮಾನವನ್ನು ಅಲ್ಲಿಗೆ ಬಿಟ್ಟೆ. ಇಡೀ ಹೋಬಳಿ ಗುರುತು ಹಿಡಿಯುತ್ತಿದ್ದ ಕೈ ಆ ಮನೆಯಲ್ಲಿ ಒಂದೇ ಇತ್ತು. ಅದು ನನ್ನದಲ್ಲ.

ಇಷ್ಟಾದರೂ ಒಂದು ವರ್ಷ ನಾನು ಊರಿಗೆ ಹೋಗಲಿಲ್ಲ. ಏನು ಹೇಳಬೇಕೆಂದು ಯೋಚಿಸುತ್ತಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹೆದರಿದ್ದೆ, ಅಷ್ಟೇ. ಸಂಪು ತೊಳೆದ ಮಾರನೆಯ ದಿನ ಭಾನುವಾರ. ಬೆಳಿಗ್ಗೆಯೇ ಹೊರಟೆ. ದೊಡ್ಡಬಳ್ಳಾಪುರ ದಾಟುವವರೆಗೂ ಒಂದು ವಾಕ್ಯವನ್ನು ತಿದ್ದಿ ತಿದ್ದಿ ಹೇಳಿಕೊಳ್ಳುತ್ತಿದ್ದೆ. ಬರಬರುತ್ತಾ ಅದು ಭಾಷಣದ ಹಾಗೆಯೇ ಆಗಿಬಿಟ್ಟಿತು.

ಹುಳುವಿನ ಮನೆ ಹಿತ್ತಲಲ್ಲಿತ್ತು. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ಶೀಟು, ಕಿಟಕಿಗಳಿಗೆ ಹಸಿರು ಮೆಶ್ಶು. ಯಾರು ಕಟ್ಟಿದ್ದೆಂದು ಯಾವ ಬಸ್ಸಿನಿಂದ ನೋಡಿದರೂ ತಿಳಿಯುವುದಿಲ್ಲ. ಬಾಗಿಲು ಗೇಣಷ್ಟು ತೆರೆದು ದೊಡ್ಡಮ್ಮ ಇಣುಕಿದಳು. ಕಾಲೆಲ್ಲ ಸುಣ್ಣ.

“ಅಲ್ಲೇ ನಿಲ್ಲು.”

“ಚಪ್ಪಲಿ ಬಿಟ್ಟು ಬರ್ತೀನಿ ದೊಡ್ಡಮ್ಮ.”

“ಬಿಟ್ರೂ ಬೇಡ. ಏನೋ ಸೆಂಟು ಹೊಡ್ಕೊಂಡಿದ್ದೀಯ. ಜ್ವರದಿಂದ ಎದ್ದವೆ. ಒಳಕ್ಕೆ ಬರಬ್ಯಾಡ.”

ಅವಳು ನನಗೆ ಯಾವುದನ್ನಾದರೂ ಬೇಡ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇದಕ್ಕಿಂತ ಮುಂಚೆ ಎಂದಾದರೂ ಅಂದಿದ್ದರೆ ನನಗೆ ಕೇಳಿಸಿರಲಿಕ್ಕಿಲ್ಲ.

“ನಿನ್ನ ಹತ್ರ ಒಂದ್ಮಾತು ಹೇಳ್ಬೇಕಿತ್ತು” ಎಂದೆ. “ಫೋಟೋ ಹೊಡೆದ ದಿನದ್ದು.”

ಅವಳು ಬಾಗಿಲನ್ನು ಇನ್ನಷ್ಟು ಓರೆ ಮಾಡಿದಳು. “ಮುನಿರಾಜ ಊದ್ಬಿಟ್ನಾ? ಹೇಳೀಯಂತೆ ಬಿಡು. ಈಗ ಹುಳ ಹಸ್ಕೊಂಡವೆ. ಆ ಸೊಪ್ಪಿನ ಹೊರೆ ಎತ್ಕೊಂಡು ಬಾ. ಸುಣ್ಣದ ಗೆರೆ ದಾಟಬ್ಯಾಡ.”

ಹೊರೆ ಭಾರವಿತ್ತು, ಬೆಳಗಿನ ತೇವ ಇನ್ನೂ ಆರಿರಲಿಲ್ಲ. ಎತ್ತಿ ತಂದು ಗೆರೆಯ ಈಚೆ ಇಟ್ಟೆ. ಒಳಗಿನಿಂದ ಎರಡು ಕೈ ಬಂದು ಅದನ್ನು ಎಳೆದುಕೊಂಡವು. ಬಾಗಿಲು ಹಾಕಿಕೊಂಡಿತು. ನಾನು ಇನ್ನೊಂದು ಹೊರೆ ತರಲು ತೋಟದ ಕಡೆ ನಡೆದೆ.